ಟೀಮ್‌ಗೆ ಬೇಕು, ಪಂಕ್ತಿಗೆ ಬೇಡ: ಸ್ಪಿನ್ನರ್ ಪಾಲ್ವಂಕರ್ ಬಾಲೂ

ಭಾರತ ತಂಡ ಅನೌನ್ಸ್ ಆದ ದಿನ ಹಾಸ್ಟೆಲ್‌ನಲ್ಲಿ ಗಲಾಟೆ ಇದ್ದದ್ದೇ. ಆ ಸ್ಪಿನ್ನರ್‌ನ ಯಾಕೆ ಬಿಟ್ರು, ಈ ಸ್ಪಿನ್ನರ್‌ನ ಯಾಕೆ ತಗೊಂಡ್ರು ಅಂತ ಮಧ್ಯರಾತ್ರಿವರೆಗೂ ವಾದ. ಪಿಚ್, ಫಾರ್ಮ್, ಎದುರಾಳಿಯ ಬ್ಯಾಟಿಂಗ್ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಸ್ಪಿನ್ನರ್‌ನ ಹೆಸರು ಆಯ್ಕೆಗೆ ಬಂದಾಗ ಎದ್ದ ಪ್ರಶ್ನೆ ಬೇರೆ: ಇವರ ಜೊತೆ ಕೂತು ಊಟ ಮಾಡೋದು ಹೇಗೆ? ಅವರೇ ಪಾಲ್ವಂಕರ್ ಬಾಲೂ.

ಬಾಲೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಊರು ಕೊಂಕಣದ ಪಾಲ್ವಣ್. ಜಾತಿ, ಚರ್ಮದ ಕೆಲಸ ಮಾಡುವ ಚಾಂಭಾರ. ಅಂದರೆ ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆ ಸೈನ್ಯದಲ್ಲಿದ್ದುದರಿಂದ ಮಕ್ಕಳು ಪುಣೆಯಲ್ಲಿ ಬೆಳೆದರು. ಆಫೀಸರ್‌ಗಳು ಬಿಟ್ಟುಹೋದ ಹಳೆ ಬ್ಯಾಟು, ಚೆಂಡಿನಲ್ಲೇ ಆಟ ಕಲಿತರು.

ಬಾಲೂಗೆ ಸಿಕ್ಕ ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸೋದು. ಸಂಬಳ ತಿಂಗಳಿಗೆ 3 ರೂಪಾಯಿ. ಅಲ್ಲಿಂದ ಬಿಳಿಯರ ಪೂನಾ ಕ್ಲಬ್ಬಿಗೆ ಹೋದಾಗ 4 ರೂಪಾಯಿ ಆಯ್ತು. ನೆಟ್ ಕಟ್ಟೋದು, ರೋಲರ್ ಎಳೆಯೋದು, ಗೆರೆ ಹಾಕೋದು ಎಲ್ಲಾ ಅವರದೇ. ಜೊತೆಗೆ ಸಾಹೇಬರ ಪ್ರಾಕ್ಟೀಸಿಗೆ ಬೌಲಿಂಗ್ ಕೂಡ ಮಾಡಬೇಕಿತ್ತು. ಅವರಲ್ಲಿ ಜೆ. ಜಿ. ಗ್ರೇಗ್ ಆಗಿನ ದೊಡ್ಡ ಬ್ಯಾಟ್ಸ್‌ಮನ್. ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದರು ಅನ್ನೋ ಮಾತಿದೆ. ಎಡಗೈಯ ನಿಧಾನ ಸ್ಪಿನ್, ಎರಡೂ ಕಡೆ ತಿರುಗಿಸುವ ಚಳಕ, ವೇಗ ಬದಲಿಸುವ ಜಾಣತನ ಎಲ್ಲವೂ ಅವರಿಗೆ ಬಂದದ್ದು ಈ ನೆಟ್ಸ್‌ನಲ್ಲೇ. ಇಷ್ಟೆಲ್ಲ ಬೌಲ್ ಮಾಡಿಸಿಕೊಂಡ ಕ್ಲಬ್ಬಿನಲ್ಲಿ ಒಂದೇ ಒಂದು ದಿನವೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಏನಿದ್ದರೂ ಯಜಮಾನರಿಗೆ.

ಅದೇ ಊರಿನ ಹಿಂದೂ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಆಸೆ. ಬಾಲೂ ಇಲ್ಲದೆ ಅದು ಆಗುವ ಮಾತಲ್ಲ. ಕ್ಲಬ್ಬಿನ ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಅಂದರು, ಪುಣೆಯ ಬ್ರಾಹ್ಮಣ ಸದಸ್ಯರು ಬೇಡ ಅಂದರು. ಕೊನೆಗೆ ಗೆಲ್ಲುವ ಆಸೆಯೇ ಗೆದ್ದಿತು. ಆದರೆ ಅದು ಅರ್ಧ ಆಯ್ಕೆ ಅಷ್ಟೇ. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಟೀ ಬ್ರೇಕ್ ಬಂತೆಂದರೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್. ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ.

1896ರಲ್ಲಿ ಪುಣೆಗೆ ಪ್ಲೇಗ್ ಬಂತು. ಬಾಲೂ ಬೊಂಬಾಯಿಗೆ ಹೋಗಿ ಅಲ್ಲಿನ ಹಿಂದೂ ಜಿಮ್ಖಾನಾ ಪರ ಆಡತೊಡಗಿದರು. ನಿಧಾನಕ್ಕೆ ಅಲ್ಲಿ ಸಹ ಆಟಗಾರರ ಜೊತೆ ಕೂತು ಊಟ ಮಾಡುವಂತಾಯಿತು. 1906ರಲ್ಲಿ ಹಿಂದೂಗಳ ತಂಡ ಯೂರೋಪಿಯನ್ನರ ಎದುರು ಆಡಿತು. ಗೆಲ್ಲಲು 212 ರನ್ ಬೇಕಿದ್ದ ಯೂರೋಪಿಯನ್ನರು 102ಕ್ಕೇ ಆಲೌಟ್. 109 ರನ್‌ಗಳ ಆ ಗೆಲುವಿನಲ್ಲಿ ಬಾಲೂ ಜೊತೆ ತಮ್ಮ ಶಿವರಾಮ್ ಕೂಡ ಇದ್ದರು.

1911ರಲ್ಲಿ ಇಂಗ್ಲೆಂಡಿಗೆ ಮೊದಲ ಅಖಿಲ ಭಾರತ ತಂಡ ಹೊರಟಿತು. ಭಾರತ ಟೆಸ್ಟ್ ಆಡಲು ಇನ್ನೂ 21 ವರ್ಷ ಇತ್ತು. ಆಯ್ಕೆಯಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ ಅಂತ ಲೆಕ್ಕಾಚಾರ ನಡೆದರೂ ಬಾಲೂ ಹೆಸರು ಬಿಡೋಕೆ ಆಗಲಿಲ್ಲ. ಆಗ ಅವರಿಗೆ 35 ವರ್ಷ. ಕ್ಯಾಪ್ಟನ್ ಯಾರು ಗೊತ್ತಾ? 19 ವರ್ಷದ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್. ಅವರು ಪಾರ್ಟಿ, ಪಟ್ಟಾಭಿಷೇಕ ಅಂತ ಓಡಾಡಿಕೊಂಡಿದ್ದು, ಆಡಿದ್ದು ಕೆಲವೇ ಪಂದ್ಯ. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ನೋಯುವ ಭುಜ ಇಟ್ಟುಕೊಂಡೇ ಬಾಲೂ ಪ್ರವಾಸವಿಡೀ ಬೌಲ್ ಮಾಡಿದರು. 18.84 ಸರಾಸರಿಯಲ್ಲಿ 114 ವಿಕೆಟ್! ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್ನಿಗೆ 8.

ಇಷ್ಟಾದ ಮೇಲೆ ಹಿಂದೂ ತಂಡದ ಕ್ಯಾಪ್ಟನ್ ಮಾಡಬಹುದಿತ್ತಲ್ವಾ? ಮಾಡಲಿಲ್ಲ. 1913ರಲ್ಲಿ ಕ್ಯಾಪ್ಟನ್ ಆದ ಎಂ. ಡಿ. ಪೈ ಅವರೇ ಈ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡರು. 1920ರಲ್ಲಂತೂ ಬಾಲೂರನ್ನು ಟೀಮಿಂದಲೇ ಕೈಬಿಟ್ಟರು. ತಮ್ಮಂದಿರಾದ ಶಿವರಾಮ್, ವಿಠ್ಠಲ್ ನಾವೂ ಆಡಲ್ಲ ಅಂತ ಹೊರಗುಳಿದು, ಇದು ಜಾತಿಯ ಅನ್ಯಾಯ ಅಂತ ಜನರ ಮುಂದೆ ಇಟ್ಟರು. ಮುಂದಿನ ಪಂದ್ಯಕ್ಕೆ ಬಾಲೂ ವಾಪಸ್ ಬಂದರು, ವೈಸ್ ಕ್ಯಾಪ್ಟನ್ ಆಗಿ. ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೋದಾಗ ತಂಡ ನಡೆಸಿದ್ದು ಬಾಲೂ. ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ. ಪೂರ್ತಿ ಕ್ಯಾಪ್ಟನ್ಸಿ ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ, 1923ರಲ್ಲಿ. ತಂಡ ಗೆದ್ದ ದಿನ ಮೇಲ್ಜಾತಿಯ ಅಭಿಮಾನಿಗಳೇ ವಿಠ್ಠಲ್‌ರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಯುವಕ ಅಂಬೇಡ್ಕರರಿಗೆ ಬಾಲೂ ಅಂದರೆ ಅಭಿಮಾನ. ಆದರೆ ರಾಜಕೀಯದಲ್ಲಿ ದಾರಿ ಬೇರೆಯಾಯಿತು. 1937ರ ಬೊಂಬಾಯಿ ಪ್ರಾಂತ್ಯದ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ವಿರುದ್ಧವೇ ನಿಂತು, 13,245ಕ್ಕೆ 11,225 ಮತಗಳಿಂದ ಸೋತರು. 1955ರ ಜುಲೈನಲ್ಲಿ ತೀರಿಕೊಂಡರು.

33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಈ ಅಂಕಿ ನೋಡಿದರೆ ಬಾಲೂರನ್ನು ಆರಿಸೋದು ಕಷ್ಟದ ಕೆಲಸವೇ ಅಲ್ಲ. ಕಷ್ಟವಾದದ್ದು ಆರಿಸಿದ ಮೇಲೆ ಅವರ ಪಕ್ಕ ಕೂರೋದು, ಅವರ ಮಾತು ಕೇಳಿ ಫೀಲ್ಡಿಂಗ್ ನಿಲ್ಲೋದು. ನಮ್ಮ ಫೆಸ್ಟ್ ಕಮಿಟಿ, ಪ್ರಾಜೆಕ್ಟ್ ಟೀಮ್‌ಗಳಲ್ಲೂ ಕೆಲಸಕ್ಕೆ ಮಾತ್ರ ನೆನಪಾಗುವ ಒಬ್ಬರು ಇದ್ದೇ ಇರ್ತಾರೆ. ಮುಂದಿನ ಸಲ ಟೀಮ್ ಕಟ್ಟುವಾಗ ಅವರು ಟೀ ಎಲ್ಲಿ ಕುಡೀತಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿ.