ಟಿಪ್ಪುವಿನ ಜೋಡಿ ಪಿಸ್ತೂಲು

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ದೇಹ ದೊರೆತ ಎಡೆಯನ್ನು ಸೂಚಿಸುವ ಕಲ್ಲಿನ ಮುಂದೆ ವಿದ್ಯಾರ್ಥಿಗಳು ಯಾವಾಗಲೂ ಖಡ್ಗದ ವಿಚಾರ ಕೇಳುತ್ತಾರೆ. ನಾನು ಪಿಸ್ತೂಲಿನ ವಿಚಾರ ಹೇಳುತ್ತೇನೆ.

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪುವಿಗೆ ಹೈದರನು ಪಾರಸಿ, ಕನ್ನಡಗಳೊಡನೆ ಕುದುರೆ ಸವಾರಿಯನ್ನೂ ಗುರಿ ಹೊಡೆಯುವುದನ್ನೂ ಕಲಿಸಿದನು. ಬಾಲ್ಯದ ಆ ಗುರಿಯಾಟವೇ ಮುಂದೆ ಆಯುಧಗಳನ್ನು ಪರೀಕ್ಷಿಸುವ ಕಣ್ಣಾಯಿತೆಂದು ನನ್ನ ಊಹೆ. ಆ ಕಾಲದ ಪಿಸ್ತೂಲಿನ ಭರವಸೆಯೆಲ್ಲ ಒಂದು ಕಿಡಿಯ ಮೇಲೆ ನಿಂತಿತ್ತು. ಚಕಮಕಿ ಕಲ್ಲು ಉಕ್ಕನ್ನು ಉಜ್ಜಬೇಕು, ಕಿಡಿ ಬಟ್ಟಲಿನ ಮದ್ದಿಗೆ ಬೀಳಬೇಕು, ಆ ಉರಿ ಸಣ್ಣ ರಂಧ್ರದಿಂದ ನಳಿಗೆಯನ್ನು ಹೊಗಬೇಕು. ಕಲ್ಲು ಸವೆದರೆ, ಮದ್ದು ತೇವವಾದರೆ ಎಂಥ ಗುರಿಕಾರನ ಕೈಯೂ ವ್ಯರ್ಥ.

1782ರಲ್ಲಿ ಪಟ್ಟಕ್ಕೆ ಬಂದವನು ಪಟ್ಟಣದ ಕಾರ್ಖಾನೆಗಳಲ್ಲಿ ಬಂದೂಕು, ಪಿಸ್ತೂಲುಗಳನ್ನು ಮಾಡಿಸಿದನು. 1788ರಲ್ಲಿ ಅವನ ರಾಯಭಾರಿಗಳು ವರ್ಸೈಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನೂ ಬೇಡಿದರು. (ಇಂದಿನ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದುದು ಫ್ರೆಂಚ್ ಸೈನಿಕರ ಬೀಡಿನಿಂದಲೇ.) ಅವನ ಪಿಸ್ತೂಲುಗಳು ಜೋಡಿಯಾಗಿ ಹುಟ್ಟಿದವು: ಒಂದಕ್ಕೆ ಕಿಡಿಯ ಯಂತ್ರ ಬಲಗಡೆ, ಇನ್ನೊಂದಕ್ಕೆ ಎಡಗಡೆ. ಮೈಮೇಲೆ ಹುಲಿಪಟ್ಟೆ, ಅವನೇ ಬಳಕೆಗೆ ತಂದ ಮೌಲೂದಿ ಶಕದ ವರ್ಷ, ಅಂಕಿಗಳು ಬಲದಿಂದ ಎಡಕ್ಕೆ. ನಕ್ಕಾಶಿ ನೋಡಿ ಬೆರಗಾಗುವವರು ಆ ಯಂತ್ರದ ಅಚ್ಚುಕಟ್ಟನ್ನು ಮರೆಯುವುದೇ ನನಗೆ ಬೇಸರ.

ಅಂಥ ಬಂದೂಕುಗಳು ಇಂದು ಇಂಗ್ಲೆಂಡಿನ ರಾಜಸಂಗ್ರಹದಲ್ಲಿವೆ. 1799ರ ಮೇ 4ರಂದು ಕೋಟೆಗೋಡೆಯ ಬಳಿ ಸೇವಕರು ಮದ್ದು ತುಂಬಿ ಕೊಟ್ಟಂತೆಲ್ಲ ಅವನೇ ಗುಂಡು ಹಾರಿಸಿದನು. ಗಾಯಗೊಂಡು ಹಿಂದಕ್ಕೆ ಸರಿದವನನ್ನು ಬಾಗಿಲ ನೂಕುನುಗ್ಗಲು ನುಂಗಿತು. ರಾತ್ರಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದಾಗ ಅವನ ತೋಳಿನಲ್ಲಿ ತಾಯಿತವೊಂದು ಕಟ್ಟಿತ್ತು.