ತೃಪ್ತಿಯೂ ಬೇಕು, ಓಟವೂ ಬೇಕು: ಕಿಟೆಲ್ ಅಯ್ಯನವರ ಜೀವನ

  

ನಮ್ಮೂರು ಸಿಂಧನೂರು ತಾಲೂಕಿನ ದಢೇಸುಗೂರು, ತುಂಗಭದ್ರೆಯ ದಂಡೆ. ಅಲ್ಲಿ ಕೃಷಿ ಸಂಶೋಧನಾ ಕೇಂದ್ರ ಐತಿ. ಒಂದು ಭತ್ತದ ತಳಿ ರೈತನ ಕೈಗೆ ಬರಬೇಕಾದರೆ ಹಂಗಾಮಿನ ಮೇಲೆ ಹಂಗಾಮು ಬಿತ್ತಿ ನೋಡಬೇಕು, ಎಷ್ಟೋ ವರ್ಷ ಹಿಡಿಯುತ್ತದೆ. ಆ ಕೆಲಸ ಮಾಡಿದವರ ಹೆಸರು ನಮಗೆ ಗೊತ್ತಿಲ್ಲ. ಅವರು ಬೆಳೆಸಿದ ಅನ್ನ ಮಾತ್ರ ಉಣ್ತೀವಿ.

ಹೋದ ವಾರ ನಮ್ಮ ಸಭೆಯ ಒಬ್ಬ ತಮ್ಮ ನನ್ನ ಕೇಳಿದ. ಆಫೀಸು ಮುಗಿಸಿ ಬಂದ ಮೇಲೆ ಉಳಿಯೋದು ಎರಡು ತಾಸು. ಇನ್ನೊಂದು ಕೋರ್ಸ್ ಮಾಡಿ ಮೇಲೆ ಹೋಗಲಾ, ಇದ್ದದ್ದರಲ್ಲಿ ತೃಪ್ತಿಯಾಗಿ ಇರಲಾ ಅಂತ. ತಕ್ಷಣ ನನಗೆ ಉತ್ತರ ಬರಲಿಲ್ಲ. ಆಮೇಲೆ ಫರ್ಡಿನಾಂಡ್ ಕಿಟೆಲ್ ಅಯ್ಯನವರು ನೆನಪಾದರು.

ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯಲ್ಲಿ. ಅದೇ ವರ್ಷ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಸೇವೆ ಮಾಡಿದ್ದ ವಿಲಿಯಂ ರೀವ್ ಎಂಬ ಮಿಷನರಿಯ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಒಬ್ಬರು ಕೆಲಸ ಮುಗಿಸುವಾಗ ದೇವರು ಇನ್ನೊಬ್ಬರನ್ನು ತೊಟ್ಟಿಲಲ್ಲಿ ಇಟ್ಟಿದ್ದರು ನೋಡ್ರಿ.

1853ರಲ್ಲಿ ಬಾಸೆಲ್ ಮಿಷನ್ ಕಿಟೆಲರನ್ನು ಕರ್ನಾಟಕಕ್ಕೆ ಕಳಿಸಿತು. ಆಗ ಅವರಿಗೆ 21 ವರ್ಷ, ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು. ಬಂದದ್ದು ಸುವಾರ್ತೆ ಸಾರಲು. ಆದರೆ ಜನರ ಮಾತು ಒಳಗಿನಿಂದ ಗೊತ್ತಿಲ್ಲದೆ ಜನರ ಹೃದಯ ಮುಟ್ಟಲಾಗದು ಎಂದು ಅವರಿಗೆ ಮನವರಿಕೆಯಾಯಿತು. ಪಂಡಿತರ ಹತ್ತಿರ ಕೂತು ಹಳಗನ್ನಡ ಓದಿದರು. ಯೇಸುಸ್ವಾಮಿಯ ಜೀವನವನ್ನು ಕನ್ನಡದ ಪದ್ಯದಲ್ಲೇ ‘ಕಥಾಮಾಲೆ’ಯಾಗಿ ಬರೆದರು. ಮಿಷನ್ನಿನ ಹಿರಿಯರಿಗೂ ಅವರಿಗೂ ಎಲ್ಲ ಕಾಲಕ್ಕೂ ಒಮ್ಮತ ಇರಲಿಲ್ಲ.

ಮನೆಯಲ್ಲೂ ಹಾದಿ ಸುಲಭ ಇರಲಿಲ್ಲ. 1864ರಲ್ಲಿ ಹೆಂಡತಿ ಪೌಲೀನಾ ತೀರಿಕೊಂಡರು. ಆದರೂ ಕೆಲಸ ಕೈಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಅಚ್ಚಿಗೆ ತಂದರು. ಆಮೇಲೆ ನಿಘಂಟಿನ ಕೆಲಸ. ಕಂಪ್ಯೂಟರ್ ಇಲ್ಲ, ಗೂಗಲ್ ಇಲ್ಲ. ಒಂದೊಂದು ಪದ, ಅದರ ಅರ್ಥ, ಅದು ಬರುವ ಗಾದೆ, ತೆಲುಗು ತಮಿಳು ತುಳುವಿನಲ್ಲಿ ಅದರ ಬಳಗ, ಎಲ್ಲಾ ಕೈಯಿಂದ ಬರೆಯಬೇಕು. ನಡುವೆ ಜರ್ಮನಿಗೆ ಮರಳಿದರೂ, ಪಂಡಿತರ ನೆರವು ಬೇಕೆಂದು 1883ರಲ್ಲಿ ಮತ್ತೆ ಇಲ್ಲಿಗೇ ಬಂದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂದಾಗ 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದಗಳು. ಅವರ ವಯಸ್ಸು ಅರವತ್ತು ದಾಟಿತ್ತು.

ಅಷ್ಟಕ್ಕೇ ಸಾಕು ಅನ್ನಬಹುದಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಅವರು ಕನ್ನಡ ವ್ಯಾಕರಣಕ್ಕೆ ಕೈ ಹಾಕಿದರು. ಅದು 1903ರಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕರ್ತನ ಬಳಿಗೆ ಹೋದರು.

ಪ್ರಿಯರೇ, ಇವರನ್ನು ತೃಪ್ತಿವಂತರು ಅನ್ನೋಣವಾ, ಮಹತ್ವಾಕಾಂಕ್ಷಿ ಅನ್ನೋಣವಾ? ಎರಡೂ ಹೌದು. ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ತೆಗೀರಿ. 3ನೇ ಅಧ್ಯಾಯದಲ್ಲಿ ಗುರಿ ಕಡೆಗೆ ಓಡ್ತಾನೆ. 4ನೇ ಅಧ್ಯಾಯದಲ್ಲಿ, ಯಾವ ಸ್ಥಿತಿಯಲ್ಲೂ ತೃಪ್ತನಾಗಿರಲು ಕಲಿತೆ ಅಂತಾನೆ. ಅದೇ ಮನುಷ್ಯ, ಅದೇ ಪತ್ರಿಕೆ. ಹಾಗಾದರೆ ತೃಪ್ತಿ ಯಾವುದರಲ್ಲಿ? ನನಗೆ ಸಿಕ್ಕಿದ್ದರಲ್ಲಿ. ಹಸಿವು ಯಾವುದರಲ್ಲಿ? ನನಗೆ ಒಪ್ಪಿಸಿದ ಕೆಲಸದಲ್ಲಿ.

ನಾವು ಇದನ್ನ ತಿರುಗಾಮುರುಗಾ ಮಾಡಿಬಿಡ್ತೀವಿ. ನಾನೂ ಮಾಡಿದೆ. ಬೈಬಲ್ ಕಾಲೇಜು ಮುಗಿದ ಮೇಲೆ ಗ್ರೀಕ್ ಕಲಿಯಬೇಕು ಅಂತ ಪುಸ್ತಕ ತಂದೆ. ನಲವತ್ತು ಪುಟಕ್ಕೆ ನಿಲ್ಲಿಸಿದೆ. ಯಾರಾದರೂ ಕೇಳಿದರೆ ದೇವರು ಕೊಟ್ಟಷ್ಟೇ ಸಾಕು ಅಂತಿದ್ದೆ. ಅದೇ ರಾತ್ರಿ ಫೋನಿನಲ್ಲಿ ಗೆಳೆಯನ ಹೊಸ ಫ್ಲಾಟ್ ನೋಡಿ ಒಳಗೊಳಗೇ ಉರಿಯುತ್ತಿದ್ದೆ. ನನ್ನ ಸೋಮಾರಿತನಕ್ಕೆ ತೃಪ್ತಿ ಅಂತ ಹೆಸರಿಟ್ಟಿದ್ದೆ. ಹಾಲೆಲೂಯಾ ಅನ್ನೋಕೆ ನಾಚಿಕೆಯಾಗ್ತದೆ.

ಆ ತಮ್ಮನಿಗೆ ಈಗ ಹೇಳ್ತೀನಿ: ಕೋರ್ಸ್ ಮಾಡೋದು ಪಾಪ ಅಲ್ಲಪ್ಪಾ, ಮಾಡದೇ ಇರೋದೂ ಪುಣ್ಯ ಅಲ್ಲ. ಸಂಬಳ ಹೆಚ್ಚಾಗದಿದ್ದರೂ, ಯಾರೂ ನೋಡದಿದ್ದರೂ ಆ ಎರಡು ತಾಸು ಅದಕ್ಕೆ ಕೊಡ್ತೀಯಾ? ಕೊಡ್ತೀನಿ ಅನ್ನೋ ಹಾಗಿದ್ದರೆ ಅದು ನಿನಗೆ ಒಪ್ಪಿಸಿದ ಕೆಲಸ ಇರಬಹುದು, ಪ್ರಾರ್ಥಿಸಿ ಶುರು ಮಾಡು. ಪಕ್ಕದವನನ್ನು ನೋಡಿ ಓಡ್ತಿದ್ದರೆ ನಿಲ್ಲು, ಆ ಹೊತ್ತು ಮನೆಯವರ ಜೊತೆ ಊಟಕ್ಕೆ ಕೂತ್ಕೋ.

ನಾನು ಆ ಗ್ರೀಕ್ ಪುಸ್ತಕ ಮತ್ತೆ ತೆಗೆದಿದ್ದೀನಿ. ನಲವತ್ತೊಂದನೇ ಪುಟ. ನನಗಾಗಿ ಪ್ರಾರ್ಥಿಸ್ರಿ. ಎಲ್ಲರೂ ಕಣ್ಣು ಮುಚ್ಚೋಣ. ಆಮೆನ್.