ಬಂಕ್ ಮುಚ್ಚಿಸಿದ ಮಂತ್ರಿ

2024ರ ಜನವರಿಯಲ್ಲಿ ಲಾರಿ ಚಾಲಕರ ಮುಷ್ಕರದ ದಿನ ಹೈದರಾಬಾದಿನ ಬಂಕ್ ಮುಂದೆ ಕ್ಯೂನಲ್ಲಿ ನಿಂತಾಗ ನನಗೆ ನೆನಪಾದವರು ಅಮೆರಿಕದ ಹೆರಾಲ್ಡ್ ಇಕಿಸ್.

1874ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಷಿಕಾಗೋದಲ್ಲಿ ಪತ್ರಕರ್ತರೂ ವಕೀಲರೂ ಆಗಿದ್ದ ಅವರು 1933ರಲ್ಲಿ ರೂಸ್‌ವೆಲ್ಟ್ ಸಂಪುಟ ಸೇರಿದರು. 1941ರಲ್ಲಿ ಟ್ಯಾಂಕರ್ ಹಡಗುಗಳು ಬ್ರಿಟನ್ನಿನ ನೆರವಿಗೆ ಹೋದಾಗ, ಪೂರ್ವ ಕರಾವಳಿಗೆ ತೈಲ ಸಾಲದೆಂದು ಎಚ್ಚರಿಸಿ ರಾತ್ರಿ ಬಂಕ್ ಮುಚ್ಚಿಸಿದರು. ಕೊರತೆಯೇ ಇಲ್ಲವೆಂದಿತು ಸೆನೆಟ್ ಸಮಿತಿ. ಇಕಿಸ್ ನಗೆಪಾಟಲಾದರು.

1942ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಟ್ಯಾಂಕರ್‌ಗಳನ್ನು ಮುಳುಗಿಸಿದವು. ಮೇ ತಿಂಗಳಲ್ಲೇ ಪೂರ್ವ ರಾಜ್ಯಗಳಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಇಕಿಸ್ ಒತ್ತಾಯಿಸಿದ್ದ, ಟೆಕ್ಸಾಸಿನಿಂದ ಪೂರ್ವಕ್ಕೆ 24 ಇಂಚಿನ ಪೈಪ್‌ಲೈನ್ 1943ರಲ್ಲಿ ಮುಗಿಯಿತು. 1952ರಲ್ಲಿ ಅವರು ತೀರಿಕೊಂಡರು.

ಸರ್ವರ್ ತುಂಬುವ ಮುನ್ನವೇ ಕೊಟ್ಟ ಎಚ್ಚರಿಕೆಗೆ ಯಾರೂ ಕಿವಿಗೊಡದ ಸಂಕಟ ನನಗೂ ಗೊತ್ತು. ನಿಂತುಹೋದ ಮೇಲೆ ಎಲ್ಲರೂ ಕೇಳುತ್ತಾರೆ, ಮೊದಲೇ ಯಾಕೆ ಹೇಳಲಿಲ್ಲ ಅಂತ.